ಬಾಡಿಗೆ ಥಿಯೇಟರಿನಲ್ಲಿ ‘ಸಂಕೋಫಾ’

ಇಥಿಯೋಪಿಯಾದ ಗೊಂಡರ್‌ನಲ್ಲಿ 1946ರಲ್ಲಿ ಹುಟ್ಟಿದ ಹೈಲೆ ಗೆರಿಮಾ ತನ್ನ ಬಾಲ್ಯದ ಸಿನಿಮಾ ನೆನಪೊಂದನ್ನು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಪರದೆಯ ಮೇಲೆ ಟಾರ್ಜನ್. ಅವನ ಬೆನ್ನ ಹಿಂದೆ ಸದ್ದಿಲ್ಲದೆ ಬರುತ್ತಿರುವ ಆಫ್ರಿಕನ್ನರು. ಇಥಿಯೋಪಿಯಾದ ಹುಡುಗರೆಲ್ಲ ಗಂಟಲು ಹರಿಯುವಂತೆ ಕೂಗಿ ಟಾರ್ಜನ್‌ನನ್ನೇ ಎಚ್ಚರಿಸುತ್ತಿದ್ದರಂತೆ! ಅಪ್ಪ ನಾಟಕಕಾರ, ತಮ್ಮದೇ ತಂಡ ಕಟ್ಟಿಕೊಂಡು ಸ್ವಂತ ನೆಲದ ಕಥೆಗಳನ್ನು ಆಡಿಸುತ್ತಿದ್ದವರು. ಮಗ ಆ ತಂಡದಲ್ಲಿ ಪಾತ್ರ ಮಾಡುತ್ತಿದ್ದ ಹುಡುಗ. ಆದರೂ ಕತ್ತಲ ಕೋಣೆಯಲ್ಲಿ ಬೆಳಕು ಬಿದ್ದೊಡನೆ ಅವನು ಟಾರ್ಜನ್ ಕಡೆಯವನಾಗಿಬಿಡುತ್ತಿದ್ದ.

ಈ ಗೆರಿಮಾ ಮುಂದೆ ಕಟ್ಟಿದ ಪುಟ್ಟ ಸಿನಿಮಾ ಕಂಪನಿಯ ಕಥೆ ನನಗೆ ಅವರ ಸಿನಿಮಾಗಳಷ್ಟೇ ಮುಖ್ಯವೆನಿಸಿದೆ. ಕಪ್ಪು ಜನರ ಕಥೆಯನ್ನು ಕಪ್ಪು ಜನರೇ ಹೇಳಬೇಕು ಎಂಬ ಮಾತನ್ನು ಬಹಳ ಜನ ಆಡಿದ್ದಾರೆ. ಹೇಳಿಯಾದ ಮೇಲೆ ಅದನ್ನು ಜನರವರೆಗೆ ಹೊತ್ತೊಯ್ಯುವವರು ಯಾರು ಎಂಬ ಪ್ರಶ್ನೆಯನ್ನು ಇಡೀ ಬದುಕಿನ ಕೆಲಸ ಮಾಡಿಕೊಂಡವರು ಕಡಿಮೆ.

1967ರಲ್ಲಿ ನಟನೆ ಕಲಿಯಲು ಶಿಕಾಗೋಗೆ ಹೋದ ಗೆರಿಮಾ, ಅಲ್ಲಿಂದ ಸಿನಿಮಾ ಕಲಿಯಲು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ವಾಟ್ಸ್ ಬಡಾವಣೆಯ 1965ರ ದಂಗೆಯ ಬಿಸಿ ಇನ್ನೂ ಆರಿರಲಿಲ್ಲ. ಚಾರ್ಲ್ಸ್ ಬರ್ನೆಟ್, ಜೂಲಿ ಡ್ಯಾಶ್, ಬಿಲ್ಲಿ ವುಡ್‌ಬೆರಿ, ಲ್ಯಾರಿ ಕ್ಲಾರ್ಕ್ ಇವರೆಲ್ಲ ಅಲ್ಲಿ ಕಲಿತವರು. ಹಾಲಿವುಡ್‌ನ ಅಂಗಳದಲ್ಲೇ ಕುಳಿತು ಹಾಲಿವುಡ್‌ಗೆ ಬೆನ್ನು ಹಾಕಿದ ಇವರ ಗುಂಪಿಗೆ ‘ಎಲ್.ಎ. ರೆಬೆಲಿಯನ್’ ಎಂಬ ಹೆಸರು ಬಿದ್ದದ್ದು ಆಮೇಲೆ. ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ಕ್ಯಾಮೆರಾ ಹಿಡಿಯುತ್ತಿದ್ದರು. ಗೆರಿಮಾರ ‘ಬುಷ್ ಮಾಮಾ’ ಚಿತ್ರದ ಮೊದಲಲ್ಲಿ ಪೊಲೀಸರು ಕಪ್ಪು ಯುವಕರನ್ನು ನಿಲ್ಲಿಸಿ ತಡಕಾಡುವ ದೃಶ್ಯವೊಂದಿದೆ. ಅದು ನಟನೆಯಲ್ಲ. ಚಿತ್ರೀಕರಣದ ತಂಡವನ್ನೇ ಪೊಲೀಸರು ಅನುಮಾನದ ಮೇಲೆ ಹಿಡಿದಾಗ ಕ್ಯಾಮೆರಾ ಓಡುತ್ತಿತ್ತು, ಅಷ್ಟೆ.

1976ರ ‘ಹಾರ್ವೆಸ್ಟ್: 3000 ಇಯರ್ಸ್’ ಚಿತ್ರಕ್ಕಾಗಿ ಅವರು ಇಥಿಯೋಪಿಯಾಕ್ಕೆ ಮರಳಿದರು. ಚಕ್ರವರ್ತಿ ಹೈಲೆ ಸೆಲಾಸಿ ಪದಚ್ಯುತನಾಗಿ ಹೊಸ ಸೈನಿಕ ಆಡಳಿತ ಇನ್ನೂ ಬಿಗಿಯಾಗುವ ಮುನ್ನ ಸಿಕ್ಕ ಸಣ್ಣ ಬಿಡುವಿನಲ್ಲಿ, 16 ಎಂ.ಎಂ. ಕಪ್ಪುಬಿಳುಪು ಫಿಲ್ಮಿನಲ್ಲಿ, ಅಮ್ಹಾರಿಕ್ ಭಾಷೆಯಲ್ಲಿ ತೆಗೆದ ಚಿತ್ರ ಅದು. ಜಮೀನ್ದಾರನ ಹೊಲದಲ್ಲಿ ದುಡಿಯುವ ಒಂದು ಕುಟುಂಬ, ಉಳುಮೆ, ನಡಿಗೆ, ಮತ್ತೆ ಉಳುಮೆ. ನೋಡಲು ತಾಳ್ಮೆ ಬೇಕು. ಲೊಕಾರ್ನೋ ಚಿತ್ರೋತ್ಸವದಲ್ಲಿ ಬಹುಮಾನ ಬಂತು.

ಬಹುಮಾನ ಬಂದ ಮಾತ್ರಕ್ಕೆ ಥಿಯೇಟರಿನ ಬಾಗಿಲು ತೆರೆಯುವುದಿಲ್ಲ. 1975ರಿಂದ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಗೆರಿಮಾ ಮತ್ತು ಅವರ ಪತ್ನಿ, ಸ್ವತಃ ಚಿತ್ರ ನಿರ್ದೇಶಕಿಯಾದ ಶಿರಿಕಿಯಾನಾ ಐನಾ, 1980ರ ದಶಕದಲ್ಲಿ ‘ಮೈಫೆದು ಫಿಲ್ಮ್ಸ್’ ಎಂಬ ವಿತರಣಾ ಕಂಪನಿಯನ್ನು ಕಟ್ಟಿದರು. ಮೈಫೆದು ಎಂದರೆ ಇಥಿಯೋಪಿಯಾದ ಪ್ರಾಚೀನ ಗೀಝ್ ಭಾಷೆಯಲ್ಲಿ ಸಂಸ್ಕೃತಿಯನ್ನು ಕಾಯುವ ಗುರಾಣಿ. ಚಿತ್ರ ತಯಾರಿಸುವ ಸಂಸ್ಥೆಗೆ ಇಟ್ಟ ಹೆಸರು ‘ನೆಗೋದ್‌ಗ್ವಾದ್’, ಅಮ್ಹಾರಿಕ್‌ನಲ್ಲಿ ಗುಡುಗು. ಒಂದು ಕೈಯಲ್ಲಿ ಗುಡುಗು, ಇನ್ನೊಂದರಲ್ಲಿ ಗುರಾಣಿ! ಹೆಸರಿನಲ್ಲಿ ಸ್ವಲ್ಪ ಅಬ್ಬರ ಇದೆ ಅನ್ನಿ. ಮುಂದೆ ನಡೆದದ್ದನ್ನು ನೋಡಿದರೆ ಹೆಚ್ಚಾಯಿತೆನಿಸುವುದಿಲ್ಲ.

‘ಸಂಕೋಫಾ’ ಚಿತ್ರಕ್ಕೆ ಹಣ ಕೂಡಿಸಲು ಅವರಿಗೆ ಸುಮಾರು ಒಂಬತ್ತು ವರ್ಷ ಹಿಡಿಯಿತು. ಗುಲಾಮಗಿರಿಯ ಬಗ್ಗೆ, ಅದರಲ್ಲೂ ಗುಲಾಮರ ಬಂಡಾಯದ ಬಗ್ಗೆ ಚಿತ್ರ ಎಂದಾಗ ಅಮೆರಿಕದ ಹಣವಂತರು ಹಿಂದೆ ಸರಿದರು. ಕಡೆಗೆ ಘಾನಾ, ಬುರ್ಕಿನಾ ಫಾಸೊ, ಜರ್ಮನಿ, ಬ್ರಿಟನ್‌ಗಳಿಂದ ತುಣುಕು ತುಣುಕಾಗಿ ನೆರವು ಕೂಡಿತು. ಸಂಕೋಫಾ ಎಂಬುದು ಘಾನಾದ ಅಕಾನ್ ಜನರ ಮಾತು. ಹಿಂದಿರುಗಿ ಹೋಗಿ ತೆಗೆದುಕೊಂಡು ಬಾ ಎಂದು ಅರ್ಥ. ಕತ್ತು ಹೊರಳಿಸಿ ಬೆನ್ನ ಕಡೆ ನೋಡುವ ಹಕ್ಕಿ ಅದರ ಚಿಹ್ನೆ.

ಕಥೆ ಘಾನಾದ ಕಡಲತೀರದ ಕೋಟೆಯಲ್ಲಿ ಶುರುವಾಗುತ್ತದೆ. ಹಿಡಿದು ತಂದವರನ್ನು ಹಡಗಿಗೆ ತುಂಬುವ ಮುನ್ನ ನೆಲಮಾಳಿಗೆಯಲ್ಲಿ ಕೂಡುತ್ತಿದ್ದ ಜಾಗ ಅದು. ಈಗ ಪ್ರವಾಸಿ ತಾಣ. ಮೋನಾ ಎಂಬ ಅಮೆರಿಕದ ಕಪ್ಪು ರೂಪದರ್ಶಿ ಅಲ್ಲಿ ಬಿಳಿಯ ಛಾಯಾಗ್ರಾಹಕನ ಮುಂದೆ ಭಂಗಿ ಕೊಡುತ್ತಿರುವಾಗ ಮುದುಕ ನಗಾರಿಗಾರನೊಬ್ಬ ಬಂದು ಗದರಿಸುತ್ತಾನೆ. ಘಾನಾದ ಹೆಸರಾಂತ ವಾದ್ಯಗಾರ ಕೋಫಿ ಘನಾಬಾ ಈ ಪಾತ್ರ ಮಾಡಿದ್ದಾರೆ. ಆಮೇಲೆ ನೆಲಮಾಳಿಗೆಗೆ ಇಳಿದ ಮೋನಾ ಕತ್ತಲಲ್ಲಿ ಸರಪಳಿ ತೊಟ್ಟವರ ನಡುವೆ ಸಿಕ್ಕಿಬೀಳುತ್ತಾಳೆ. ತಾನು ಆಫ್ರಿಕನ್ ಅಲ್ಲ, ಅಮೆರಿಕದವಳು ಎಂದು ಚೀರುತ್ತಾಳೆ. ಮೈಮೇಲೆ ಕಾದ ಕಬ್ಬಿಣದ ಮುದ್ರೆ ಬೀಳುತ್ತದೆ. ಮುಂದಿನ ದೃಶ್ಯಗಳಲ್ಲಿ ಅವಳು ತೋಟವೊಂದರ ಗುಲಾಮಳು, ಶೋಲಾ. ಟಾರ್ಜನ್‌ಗಾಗಿ ಕೂಗಿದ ಆ ಗೊಂಡರ್‌ನ ಹುಡುಗನ ದನಿ ನನಗೆ ಈ ಚೀರಾಟದಲ್ಲಿ ಕೇಳಿಸಿತು.

ಚಿತ್ರದಲ್ಲಿ ಕೊರತೆಗಳೂ ಇವೆ. ಪಾದ್ರಿಯ ಪಾತ್ರ ಒಂದೇ ಬಣ್ಣದ್ದು. ಆಫ್ರಿಕ ಅಲ್ಲಲ್ಲಿ ತೀರಾ ಪವಿತ್ರವಾಗಿಬಿಡುತ್ತದೆ. ಆದರೆ ಆಫ್ರಿಕದ ನೆನಪನ್ನು ಬಿಟ್ಟುಕೊಡದ ತಾಯಿ ನೂನು, ಅವಳ ಮೇಲಾದ ಅತ್ಯಾಚಾರದಿಂದ ಹುಟ್ಟಿ ಚರ್ಚಿನಲ್ಲಿ ಬೆಳೆದು ತಾಯಿಯನ್ನು ಮಾಟಗಾತಿಯೆಂದು ಹೇಸುವ ಮಗ ಜೋ, ಇವರಿಬ್ಬರ ಪ್ರಸಂಗಗಳನ್ನು ನೋಡಿದವರು ಮರೆಯಲಾರರು. ಆ ಮಗ ಗುಲಾಮರ ಮೇಲಿನ ಮೇಸ್ತ್ರಿ ಕೂಡ. ಚಾಟಿ ಯಾರ ಕೈಯಲ್ಲಿದೆ ಎಂಬುದನ್ನು ಗೆರಿಮಾ ಮುಚ್ಚಿಡುವುದಿಲ್ಲ.

ಈ ವ್ಯಾಪಾರ ಅಟ್ಲಾಂಟಿಕ್ ಕಡೆಗಷ್ಟೇ ಹರಿಯಲಿಲ್ಲ ಎಂಬುದನ್ನೂ ಇಲ್ಲೇ ನೆನೆಯಬೇಕು. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಗಳ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದಿದ್ದರು. ಅವರ ಡಮಾಮಿಯ ಸದ್ದು ಕೇಳಿದವರಿಗೆ ಘನಾಬಾರ ನಗಾರಿ ತೀರಾ ಪರದೇಶದ್ದೆನಿಸಲಿಕ್ಕಿಲ್ಲ.

1993ರಲ್ಲಿ ಬರ್ಲಿನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿ ‘ಸಂಕೋಫಾ’ ತೋರಿಸಲ್ಪಟ್ಟಿತು. ಆದರೂ ಅಮೆರಿಕದ ಒಬ್ಬ ವಿತರಕನೂ ಅದನ್ನು ಕೊಳ್ಳಲಿಲ್ಲ. ಆಗ ಗುರಾಣಿಯ ಕೆಲಸ ಶುರುವಾಯಿತು. ಗಂಡ ಹೆಂಡತಿ ವಾಷಿಂಗ್ಟನ್‌ನಲ್ಲಿ ಥಿಯೇಟರೊಂದನ್ನು ಬಾಡಿಗೆಗೆ ಹಿಡಿದರು. ನಾಲ್ಕು ಗೋಡೆಗಳನ್ನು ಕೊಳ್ಳುವುದು ಎಂದು ಆ ಉದ್ಯಮದವರು ಕರೆಯುವ ಪದ್ಧತಿ ಇದು. ಮಾಲೀಕನಿಗೆ ನಿಗದಿತ ಬಾಡಿಗೆ ತೆತ್ತರೆ ಟಿಕೆಟ್ ಹಣವೆಲ್ಲ ಚಿತ್ರದವರದು. ಕುರ್ಚಿಗಳು ಖಾಲಿ ಉಳಿದರೆ ನಷ್ಟವೂ ಪೂರ್ತಿ ಅವರದೇ. ಜಾಹೀರಾತಿಗೆ ದುಡ್ಡಿರಲಿಲ್ಲ. ಕಪ್ಪು ಸಮುದಾಯದ ಸಂಘಟನೆಗಳು ಬಾಯಿಂದ ಬಾಯಿಗೆ ಸುದ್ದಿ ಮುಟ್ಟಿಸಿದವು. ಜನ ಸಾಲುಗಟ್ಟಿದರು. ಚಿತ್ರ ವಾರಗಟ್ಟಲೆ ಓಡಿತು. ಆಮೇಲೆ ಒಂದೊಂದೇ ಊರು. ಪ್ರತಿ ಊರಿನಲ್ಲೂ ಸ್ಥಳೀಯರೇ ಸೇರಿ ಥಿಯೇಟರು ಗೊತ್ತುಮಾಡುವುದು, ಪ್ರಚಾರ ಮಾಡುವುದು. ಹೀಗೆ ಸುಮಾರು 35 ನಗರಗಳನ್ನು ಸುತ್ತಿದ ಚಿತ್ರ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಗಳಿಸಿತು. ಇಂಥ ಚಿತ್ರಕ್ಕೆ ಪ್ರೇಕ್ಷಕರಿಲ್ಲ ಎಂದವರು ಹುಡುಕಿಯೇ ಇರಲಿಲ್ಲ.

ಬಂದ ಹಣದಲ್ಲಿ ಅವರು ದೊಡ್ಡ ಸ್ಟುಡಿಯೋ ಕಟ್ಟಬಹುದಿತ್ತೇನೋ. ಕಟ್ಟಿದ್ದು ಪುಸ್ತಕದಂಗಡಿ. ಹೋವರ್ಡ್ ವಿಶ್ವವಿದ್ಯಾಲಯದ ಎದುರು ಜಾರ್ಜಿಯಾ ಅವೆನ್ಯೂದಲ್ಲಿ ‘ಸಂಕೋಫಾ’ ಹೆಸರಿನಲ್ಲೇ ತೆರೆದ ಆ ಅಂಗಡಿಯಲ್ಲಿ ಆಫ್ರಿಕನ್ ಮೂಲದವರ ಸಿನಿಮಾ, ಪುಸ್ತಕ, ಜೊತೆಗೆ ಕಾಫಿ. ಸುತ್ತಲಿನ ಬಡಾವಣೆಗೆ ಸಿರಿವಂತರು ಬಂದು ಜಾಗದ ಬೆಲೆ ಏರಿದಾಗ ಆಸ್ತಿ ತೆರಿಗೆ ಹೊರಲಾರದಷ್ಟಾಯಿತು. ಐನಾ 1982ರಷ್ಟು ಹಿಂದೆಯೇ ‘ಬ್ರಿಕ್ ಬೈ ಬ್ರಿಕ್’ ಎಂಬ ಸಾಕ್ಷ್ಯಚಿತ್ರದಲ್ಲಿ ವಾಷಿಂಗ್ಟನ್‌ನ ಬಡ ಕಪ್ಪು ಕುಟುಂಬಗಳು ಹೀಗೆಯೇ ಮನೆ ಕಳೆದುಕೊಳ್ಳುವುದನ್ನು ತೋರಿಸಿದ್ದರು. ಈ ಸಲ ಸರದಿ ಅವರದೇ. ಓದುಗರು, ವಿದ್ಯಾರ್ಥಿಗಳು ದನಿ ಎತ್ತಿದ ಮೇಲೆ 2019ರಲ್ಲಿ ನಗರಾಡಳಿತ ಹತ್ತು ವರ್ಷಗಳ ತೆರಿಗೆ ವಿನಾಯಿತಿ ಕೊಟ್ಟಿತು.

ಗೆರಿಮಾರ ‘ತೇಜಾ’ 2008ರಲ್ಲಿ ವೆನಿಸ್‌ನಲ್ಲಿ ತೀರ್ಪುಗಾರರ ವಿಶೇಷ ಬಹುಮಾನ, ಮರುವರ್ಷ ಬುರ್ಕಿನಾ ಫಾಸೊದ ಫೆಸ್ಪಾಕೊ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. 2021ರಲ್ಲಿ ನಿರ್ದೇಶಕಿ ಆವಾ ಡುವೆರ್ನೆಯವರ ‘ಅರ್ರೇ’ ಸಂಸ್ಥೆ ‘ಸಂಕೋಫಾ’ದ ಪುನರುಜ್ಜೀವಿತ ಪ್ರತಿಯನ್ನು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷ ಲಾಸ್ ಏಂಜಲಿಸ್‌ನಲ್ಲಿ ಬಾಗಿಲು ತೆರೆದ ಆಸ್ಕರ್ ಅಕಾಡೆಮಿಯ ಮ್ಯೂಸಿಯಂ ಗೆರಿಮಾರನ್ನು ಕರೆದು ಸನ್ಮಾನಿಸಿತು. ‘ಬುಷ್ ಮಾಮಾ’ ತಂಡವನ್ನು ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ ತಡಕಾಡಿದ್ದು ಇದೇ ನಗರದಲ್ಲಿ.