ಕ್ರಿಸ್‌ಮಸ್ ದಿನದ ಒಂದು ಫೋನ್ ಕರೆ

ಊರಿನಿಂದ ದೂರ ಇರುವವರಿಗೆ ಹಬ್ಬದ ದಿನ ಹೇಗಿರುತ್ತದೆ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ತಡರಾತ್ರಿ ದರ ಇಳಿಯಲಿ ಎಂದು ಕಾದು, ಎಸ್‌ಟಿಡಿ ಬೂತಿನ ಮುಂದೆ ಸಾಲಿನಲ್ಲಿ ನಿಂತವರು ನಿಮ್ಮಲ್ಲಿ ಎಷ್ಟು ಜನ ಇದ್ದೀರೋ! ಮೀಟರಿನ ಕೆಂಪು ಅಂಕಿಗಳು ಓಡುತ್ತಿರುವಾಗ, ಅಷ್ಟು ದಿನದಿಂದ ಕೂಡಿಟ್ಟ ಮಾತೆಲ್ಲ ಮರೆತುಹೋಗಿ, ಅಮ್ಮನ ಹತ್ತಿರ "ಊಟ ಆಯ್ತಾ?" ಎಂದಷ್ಟೇ ಕೇಳಿ ಇಟ್ಟುಬಿಟ್ಟದ್ದು ನೆನಪಿರಬಹುದು.

ಈಗ ಹೀಗೊಂದು ನಿಯಮ ಇದೆ ಎಂದುಕೊಳ್ಳಿ. ದುಡ್ಡಿದ್ದರೂ, ಬೂತ್ ಖಾಲಿ ಇದ್ದರೂ, ವರ್ಷಕ್ಕೆ ಎರಡೇ ಸಲ ಮನೆಗೆ ಫೋನ್ ಮಾಡಬಹುದು. ಮೇ ತಿಂಗಳ ತಾಯಂದಿರ ದಿನಕ್ಕೆ ಒಮ್ಮೆ, ಕ್ರಿಸ್‌ಮಸ್‌ಗೆ ಒಮ್ಮೆ. ಮಾರ್ಮನ್ ಪಂಥದ ಯುವ ಪ್ರಚಾರಕರಿಗೆ ದಶಕಗಳ ಕಾಲ ಇದೇ ನಿಯಮವಿತ್ತು. ಅದು ಬದಲಾದದ್ದು 2019ರ ಫೆಬ್ರವರಿಯಲ್ಲಿ.

ನೀವು ಅವರನ್ನು ಎಲ್ಲಾದರೂ ನೋಡಿರಬಹುದು. ಇಸ್ತ್ರಿ ಮಾಡಿದ ಬಿಳಿ ಶರಟು, ಟೈ, ಎದೆಯ ಮೇಲೆ ಕಪ್ಪು ಹೆಸರುಫಲಕ. ಒಬ್ಬರೇ ಎಂದೂ ಇರುವುದಿಲ್ಲ, ಯಾವಾಗಲೂ ಜೋಡಿ. ಫಲಕದಲ್ಲಿ ಮೊದಲ ಹೆಸರು ಇರುವುದಿಲ್ಲ. ಹುಡುಗರಾದರೆ 'ಎಲ್ಡರ್', ಹುಡುಗಿಯರಾದರೆ 'ಸಿಸ್ಟರ್', ಮುಂದೆ ಮನೆತನದ ಹೆಸರು. ಎಲ್ಡರ್ ಎಂದರೆ ಹಿರಿಯ. ಮೀಸೆ ಚಿಗುರುತ್ತಿರುವ ಹುಡುಗನನ್ನು ಎರಡು ವರ್ಷ ಎಲ್ಲರೂ 'ಹಿರಿಯರೇ' ಎಂದು ಕರೆಯುತ್ತಾರೆ! 2012ರವರೆಗೆ ಹುಡುಗರಿಗೆ ಕನಿಷ್ಠ ವಯಸ್ಸು 19 ಇತ್ತು, ಆ ವರ್ಷ 18ಕ್ಕೆ ಇಳಿಯಿತು. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. ಸಂಬಳ ಇಲ್ಲ. ಖರ್ಚು ಮನೆಯವರದು ಅಥವಾ ಸ್ವಂತ ಉಳಿತಾಯದ್ದು. ಯಾವ ದೇಶಕ್ಕೆ ಹೋಗಬೇಕೆಂದು ಆರಿಸಿಕೊಳ್ಳುವ ಹಾಗಿಲ್ಲ, ಪತ್ರ ಬಂದಾಗಲೇ ಗೊತ್ತಾಗುವುದು.

ಇವರ ಸಭೆಯ ಪೂರ್ಣ ಹೆಸರು 'ಯೇಸು ಕ್ರಿಸ್ತನ ಅಂತಿಮ ದಿನಗಳ ಸಂತರ ಸಭೆ'. 'ಮಾರ್ಮನ್' ಎಂಬ ಅಡ್ಡಹೆಸರು ಬೇಡ, ಪೂರ್ಣ ಹೆಸರನ್ನೇ ಬಳಸಿ ಎಂದು ಅವರ ಅಧ್ಯಕ್ಷರು 2018ರಲ್ಲಿ ಕೇಳಿಕೊಂಡರು. ಆದರೆ ನಾವು ಹೇಳುತ್ತಿರುವುದು ಹಳೆಯ ಕಥೆಯಾದ್ದರಿಂದ ಹಳೆಯ ಹೆಸರೇ ಇರಲಿ.

ಬಹಳ ಕಾಲ ಅವರ ದಿನಚರಿ ಹೀಗಿತ್ತು: ಬೆಳಿಗ್ಗೆ 6.30ಕ್ಕೆ ಏಳುವುದು, ಅರ್ಧ ಗಂಟೆ ವ್ಯಾಯಾಮ, ತಿಂಡಿ, ಆಮೇಲೆ ಧರ್ಮಗ್ರಂಥದ ಓದು, ಊರ ಭಾಷೆಯ ಅಭ್ಯಾಸ. ನಂತರ ಸೈಕಲ್ಲಿನಲ್ಲೋ ಕಾಲ್ನಡಿಗೆಯಲ್ಲೋ ಹೊರಟು ಬಾಗಿಲು ಬಡಿಯುವುದು. ರಾತ್ರಿ ಒಂಬತ್ತರ ಸುಮಾರಿಗೆ ಬಾಡಿಗೆ ಕೋಣೆಗೆ ವಾಪಸು, 10.30ಕ್ಕೆ ದೀಪ ಆರಿಸುವುದು. ಟಿವಿ ಇಲ್ಲ, ಸಿನಿಮಾ ಇಲ್ಲ, ಪ್ರೇಮ ಗೀಮ ಅಂತೂ ಇಲ್ಲವೇ ಇಲ್ಲ. ವಾರಕ್ಕೊಂದು ದಿನ ಬಟ್ಟೆ ಒಗೆಯಲು, ಸಾಮಾನು ತರಲು, ಮನೆಗೆ ಕಾಗದ ಬರೆಯಲು ಬಿಡುವು. ಜೊತೆಗಾರ ಯಾರೆಂದು ತೀರ್ಮಾನಿಸುವವರು ಮೇಲಿನವರು. ಅವನ ಗೊರಕೆ ನಿಮಗೆ ಹಿಡಿಸದಿದ್ದರೂ ಬದಲಿ ಆಗುವವರೆಗೆ ಸಹಿಸಿಕೊಳ್ಳಲೇಬೇಕು.

ಡಿಸೆಂಬರ್ ಬಂತೆಂದರೆ ಈ ಗಡಿಯಾರದ ಬದುಕು ಸ್ವಲ್ಪ ಸಡಿಲವಾಗುತ್ತದೆ. ಊರಿನ ಸಭೆಯ ಮನೆಗಳಿಂದ ಊಟದ ಕರೆ ಬರುತ್ತದೆ, ಸುತ್ತಲಿನ ಪ್ರಚಾರಕರೆಲ್ಲ ಒಂದೆಡೆ ಸೇರಿ ಹಾಡುತ್ತಾರೆ. ಮನೆಯಿಂದ ಬಂದ ಪಾರ್ಸಲ್ಲನ್ನು 25ರವರೆಗೆ ಒಡೆಯದೆ ಇಟ್ಟುಕೊಳ್ಳುವುದೇ ಒಂದು ತಪಸ್ಸು. ಆದರೂ ಎಲ್ಲರ ಮನಸ್ಸು ಇರುತ್ತಿದ್ದುದು ಆ ಫೋನಿನ ಮೇಲೆ. ಯಾವ ಹೊತ್ತಿಗೆ ಮಾಡುವುದು, ಯಾರ ಮನೆಯಿಂದ ಮಾಡುವುದು ಎಂದು ವಾರಗಳ ಮೊದಲೇ ಗೊತ್ತು ಮಾಡಿಕೊಳ್ಳಬೇಕಿತ್ತು. ಮನೆಯವರೂ ಅಷ್ಟೇ, ಅಜ್ಜ ಅಜ್ಜಿ ಸಮೇತ ಆ ಹೊತ್ತಿಗೆ ಫೋನಿನ ಸುತ್ತ ಕೂರುತ್ತಿದ್ದರು.

ಇಷ್ಟು ಕಟ್ಟುನಿಟ್ಟು ಏಕೆ? ಮನೆಯ ಸ್ವರ ಮತ್ತೆ ಮತ್ತೆ ಕೇಳಿದರೆ ಮನಸ್ಸು ಕೆಲಸದಲ್ಲಿ ನಿಲ್ಲುವುದಿಲ್ಲ ಎಂಬ ಹಿರಿಯರ ಯೋಚನೆ. ನಮ್ಮ ಹಾಸ್ಟೆಲ್ ವಾರ್ಡನ್‌ಗಳ ವಾದವೂ ಇದೇ ಅಲ್ಲವೇ? ನನಗಂತೂ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಈ ಅಗಲಿಕೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ.

ಮಾರ್ಮನ್ ಸಭೆ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ್ದು 1830ರಲ್ಲಿ. ಏಳೇ ವರ್ಷಕ್ಕೆ ಪ್ರಚಾರಕರು ಇಂಗ್ಲೆಂಡ್ ತಲುಪಿದರು. 1839ರ ಸೆಪ್ಟೆಂಬರಿನಲ್ಲಿ ಬ್ರಿಗಮ್ ಯಂಗ್ ಮತ್ತು ಹೀಬರ್ ಕಿಂಬಲ್ ಮಿಸಿಸಿಪ್ಪಿ ದಡದ ನಾವೂ ಎಂಬ ಊರಿನಿಂದ ಇಂಗ್ಲೆಂಡಿಗೆ ಹೊರಟಾಗ ಇಬ್ಬರಿಗೂ ಚಳಿಜ್ವರ. ಯಂಗ್‌ನ ಹೆಂಡತಿಯ ಮಡಿಲಲ್ಲಿ ಹತ್ತು ದಿನದ ಕೂಸು. ಕಿಂಬಲ್‌ನ ಮನೆಮಂದಿಯೂ ಹಾಸಿಗೆ ಹಿಡಿದಿದ್ದರು. ಗಾಡಿ ಸ್ವಲ್ಪ ದೂರ ಹೋದಮೇಲೆ, ಹೆಂಡತಿ ಮಕ್ಕಳಿಗೆ ಧೈರ್ಯವಾಗಲೆಂದು ಇಬ್ಬರೂ ತೂರಾಡುತ್ತ ಎದ್ದು ನಿಂತು, ಟೋಪಿ ಬೀಸಿ ಜಯಕಾರ ಕೂಗಿದರಂತೆ. ಮುಂದೆ ಹೋದವರಿಗೆಲ್ಲ ಇದೇ ಮೇಲ್ಪಂಕ್ತಿಯಾಯಿತು.

ಈಗ ನಿಮಗೆ ಆಶ್ಚರ್ಯವಾಗುವ ಸಂಗತಿ. ನೀವು ಇರುವ ಈ ಮಹಾನಗರಗಳಿಗೂ ಅವರು ನೂರೆಪ್ಪತ್ತು ವರ್ಷಗಳ ಹಿಂದೆಯೇ ಬಂದಿದ್ದರು! 1851ರಲ್ಲಿ ಜೋಸೆಫ್ ರಿಚರ್ಡ್ಸ್ ಎಂಬಾತ ಕಲ್ಕತ್ತೆಗೆ ಬಂದ. ಅದೇ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಇಂಗ್ಲೆಂಡಿನಿಂದ ವಿಲಿಯಂ ವಿಲ್ಲಿಸ್ ಬಂದಿಳಿದ. 1852ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಹ್ಯೂ ಫಿಂಡ್ಲೇ ಮುಂಬಯಿಗೆ ಬಂದ, ಮುಂದೆ ಪುಣೆಗೆ ಹೋದ. 1853ರ ಜನವರಿ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ 'ಮಾನ್ಸೂನ್' ಎಂಬ ಹೆಸರಿನ ಹಡಗು ಹತ್ತಿದ 13 ಜನ, ಸುಮಾರು ಮೂರು ತಿಂಗಳು ತೇಲಿ, ಏಪ್ರಿಲ್ ಸೆಕೆಯಲ್ಲಿ ಕಲ್ಕತ್ತೆ ಮುಟ್ಟಿದರು. ಒಂಬತ್ತು ಜನ ಹಿಂದೂಸ್ಥಾನಕ್ಕೆಂದು, ನಾಲ್ವರು ಸಯಾಮಿಗೆಂದು ನೇಮಕಗೊಂಡವರು. ಅವರಲ್ಲಿ ರಿಚರ್ಡ್ ಬ್ಯಾಲಂಟೈನ್ ಮತ್ತು ರಾಬರ್ಟ್ ಸ್ಕೆಲ್ಟನ್ ಮದರಾಸಿಗೆ ಬಂದರು. ಬ್ಯಾಲಂಟೈನ್ ಸಾಮಾನ್ಯನಲ್ಲ, 1849ರ ಡಿಸೆಂಬರಿನಲ್ಲಿ ಸಾಲ್ಟ್ ಲೇಕ್ ಕಣಿವೆಯಲ್ಲಿ ಮಕ್ಕಳಿಗಾಗಿ ಮೊದಲ ಭಾನುವಾರದ ಶಾಲೆ ತೆರೆದವನು. ಮದರಾಸಿನಲ್ಲಿ ಒಂದು ಮಾಸಿಕವನ್ನೂ ಅಚ್ಚು ಹಾಕಿಸಿದ.

ಇವರು 19ರ ಹುಡುಗರಲ್ಲ. ಹಲವರು ಹೆಂಡತಿ ಮಕ್ಕಳನ್ನು ಯೂಟಾದಲ್ಲಿ ಬಿಟ್ಟು ಬಂದವರು. ಕಾಗದ ಹಾಕಿದರೆ ಅದು ಹಡಗು ಹತ್ತಿ, ಕುದುರೆಗಾಡಿ ಹತ್ತಿ, ಮರುಭೂಮಿ ದಾಟಿ ಮನೆ ತಲುಪಲು ತಿಂಗಳುಗಟ್ಟಲೆ. ಕ್ರಿಸ್‌ಮಸ್ ಶುಭಾಶಯ ತಲುಪುವ ಹೊತ್ತಿಗೆ ಬೇಸಿಗೆ ಬಂದಿರಬೇಕು! ಇನ್ನು ಹೊಟ್ಟೆಪಾಡು. ಚೀಲವೂ ಬೇಡ, ಹಣವೂ ಬೇಡ, ಜನರ ಔದಾರ್ಯವೇ ಸಾಕು ಎಂಬುದು ಅವರ ವ್ರತ. ಇಂಗ್ಲೆಂಡಿನ ಹಳ್ಳಿಗಳಲ್ಲಿ ನಡೆದದ್ದು ಇಲ್ಲಿ ನಡೆಯಲಿಲ್ಲ. ಕಾಸಿಲ್ಲದೆ ಬಿಸಿಲಲ್ಲಿ ನಡೆದುಕೊಂಡು ಓಡಾಡುವ ಬಿಳಿಯನನ್ನು ಕಂಡರೆ ಕಂಪನಿ ಸರಕಾರದ ದೊರೆಗಳಿಗೆ ಮುಜುಗರ. ಪುಣೆಯಲ್ಲಿ ಫಿಂಡ್ಲೇಗೆ ದಂಡುಪ್ರದೇಶದಲ್ಲಿ ವಾಸಿಸಲು ಅನುಮತಿ ಸಿಗಲಿಲ್ಲ. ಸಾಲದ್ದಕ್ಕೆ, ತಮ್ಮಲ್ಲಿ ಬಹುಪತ್ನಿತ್ವ ಇದೆ ಎಂದು ಮಾರ್ಮನ್ನರು 1852ರ ಆಗಸ್ಟಿನಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿದ್ದರು (ಅದಕ್ಕೆ ಅಧಿಕೃತವಾಗಿ ತೆರೆ ಬಿದ್ದದ್ದು 1890ರಲ್ಲಿ). ಸುದ್ದಿ ಇಲ್ಲಿನ ಇಂಗ್ಲಿಷ್ ಪತ್ರಿಕೆಗಳಿಗೂ ತಲುಪಿತು. ತೆರೆಯಬಹುದಾಗಿದ್ದ ಬಾಗಿಲುಗಳೂ ಮುಚ್ಚಿಕೊಂಡವು.

ಇಲ್ಲೊಂದು ಹೋಲಿಕೆ ಮಾಡದೆ ಇರಲಾರೆ. ಅದೇ 1853ರಲ್ಲಿ, 21ರ ಹರೆಯದ ಒಬ್ಬ ಜರ್ಮನ್ ತರುಣ ನಮ್ಮ ಕಡೆಗೆ ಬಂದ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್. ಆತ ಕನ್ನಡ ಕಲಿತ, ದಶಕಗಳ ಕಾಲ ದುಡಿದ, 1894ರಲ್ಲಿ ಆ ದೊಡ್ಡ ನಿಘಂಟನ್ನು ನಮ್ಮ ಕೈಗಿತ್ತ. ಮಾರ್ಮನ್ ಪ್ರಚಾರಕರು ಹೆಚ್ಚಾಗಿ ಇಂಗ್ಲಿಷಿನಲ್ಲೇ, ಸಿಪಾಯಿ ಬಿಡಾರಗಳ ಯುರೋಪಿಯನ್ನರಿಗೇ ಉಪದೇಶ ಮಾಡಿದರು. ಕಿಟೆಲ್‌ನ ಬೆನ್ನಿಗೆ ಒಂದು ಸಂಸ್ಥೆಯ ಹಣ, ಶಾಲೆ, ಛಾಪಖಾನೆ ಇತ್ತು; ಇವರ ಬೆನ್ನಿಗೆ ಏನೂ ಇರಲಿಲ್ಲ. ಹಾಗೆಂದು ಅವರು ಎಲ್ಲೆಡೆ ಹೀಗೇ ಇದ್ದರೆಂದಲ್ಲ. 1901ರಲ್ಲಿ ಜಪಾನಿಗೆ ಹೋದ ಆಲ್ಮಾ ಟೇಲರ್ ಎಂಬ 19ರ ಹುಡುಗ ಎಂಟು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದ. ಜಪಾನಿ ಭಾಷೆಯಲ್ಲಿ ಪಳಗಿ, 1909ರಲ್ಲಿ ತಮ್ಮ ಧರ್ಮಗ್ರಂಥದ ಅನುವಾದವನ್ನು ಹೊರತಂದ. ಡಿಸೆಂಬರ್ 25ಕ್ಕೆ ರಜೆಯೂ ಇಲ್ಲದ ದೇಶದಲ್ಲಿ ಒಂಬತ್ತು ಕ್ರಿಸ್‌ಮಸ್!

ಭಾರತದಲ್ಲಿ ಮಾತ್ರ ಆಟ ಬೇಗ ಮುಗಿಯಿತು. ಬ್ಯಾಲಂಟೈನ್ ಆರೋಗ್ಯ ಕೆಟ್ಟು 1854ರಲ್ಲಿ ಹೊರಟ. 1856ರಲ್ಲಿ ಸ್ಕೆಲ್ಟನ್ ಕೂಡ ಹೊರಟ ಮೇಲೆ ಯಾರೂ ಉಳಿಯಲಿಲ್ಲ. ಮತಾಂತರಗೊಂಡ ಕೆಲವೇ ಕುಟುಂಬಗಳು ಯೂಟಾಕ್ಕೆ ವಲಸೆ ಹೋದವು. ಅವುಗಳಲ್ಲಿ ಬಂಗಾಳ ಸೈನ್ಯದ ಅಧಿಕಾರಿ ಮ್ಯಾಥ್ಯೂ ಮೆಕ್ಯೂನ್ ಅವರದೂ ಒಂದು. ಕಲ್ಕತ್ತೆಯಲ್ಲಿ 1849ರಲ್ಲಿ ಹುಟ್ಟಿದ ಅವರ ಮಗ ಆಲ್ಫ್ರೆಡ್, ಮುಂದೆ ರೈಲುದಾರಿ ಮತ್ತು ಗಣಿಯಲ್ಲಿ ಕೋಟ್ಯಧೀಶನಾಗಿ ಸಾಲ್ಟ್ ಲೇಕ್ ಸಿಟಿಯಲ್ಲಿ ಕಟ್ಟಿಸಿದ ಮಹಲು ಇಂದಿಗೂ ಇದೆ.

ನಮ್ಮ ಬೆಂಗಳೂರಿನಲ್ಲಿ ಅವರ ಪ್ರಚಾರ ಕೇಂದ್ರ ಶುರುವಾದದ್ದು 1993ರಲ್ಲಿ. ಭಾರತದ ಯುವಕ ಯುವತಿಯರೂ ಈಗ ಆ ಹೆಸರುಫಲಕ ಹಾಕಿಕೊಳ್ಳುತ್ತಾರೆ. ಕಾಗದದ ಜಾಗಕ್ಕೆ ಇಮೇಲ್ ಬಂತು. 2019ರ ಫೆಬ್ರವರಿ 15ರಂದು, ವಾರದ ಬಿಡುವಿನ ದಿನ ಮನೆಗೆ ಫೋನ್ ಅಥವಾ ವಿಡಿಯೋ ಕರೆ ಮಾಡಬಹುದು ಎಂಬ ಪ್ರಕಟಣೆ ಹೊರಟಿತು. ಮನೆಗೆ ಹತ್ತಿರವಾಗಿದ್ದರೆ ಕೆಲಸ ಕೆಡುತ್ತದೆ ಎಂದಿದ್ದವರೇ, ಹೊಸ ನಿಯಮಕ್ಕೆ ಮನೆಯವರ ಒಡನಾಟವನ್ನೇ ಕಾರಣವಾಗಿ ಕೊಟ್ಟರು.

ಚಳಿಗಾಲದಲ್ಲಿ ಯೂಟಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಬೆಂಗಳೂರಿನಲ್ಲಿ 25ರ ಬೆಳಿಗ್ಗೆ ಎಂಟೂವರೆಗೆ ಫೋನ್ ಹಚ್ಚಿದರೆ ಅಲ್ಲಿ 24ರ ರಾತ್ರಿ ಎಂಟು, ಊಟ ಮುಗಿಸಿ ಎಲ್ಲರೂ ಮನೆಯಲ್ಲೇ ಇರುವ ಹೊತ್ತು.