ಕಾಡಿನ ಅಣಬೆ: ಆದಿವಾಸಿಯ ಅರಿವು, ಪ್ರಯೋಗಾಲಯದ ಸಾಕ್ಷ್ಯ

ಮುಂಗಾರು ಕಾಲಿಟ್ಟೊಡನೆ ಜಾರ್ಖಂಡ್‌ನ ಸಾಲವೃಕ್ಷಗಳ ಕಾಡಿನಲ್ಲಿ 'ರುಗಡಾ' ಎಂಬ ಅಣಬೆಯ ಹುಡುಕಾಟ ಆರಂಭವಾಗುತ್ತದೆ. ಗೋಲಿಯಾಕಾರದ ಇದಕ್ಕೆ ಕೊಡೆಯೂ ಇಲ್ಲ, ಕಾಂಡವೂ ಇಲ್ಲ. ಎಳೆಯದಾಗಿದ್ದಾಗ ಮಣ್ಣಿನಲ್ಲಿ ಹುದುಗಿರುತ್ತದೆ. ಆಸ್ಟ್ರೇಯಸ್ ಕುಲದ ಈ ಅಣಬೆ ಮರದ ಬೇರುಗಳೊಡನೆ ಸಹಜೀವನ ನಡೆಸುವುದರಿಂದ ಕಾಡಿನಿಂದಲೇ ಆಯ್ದು ತರಬೇಕು. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ದೊರೆಯುವ 'ಕಲ್ಲಣಬೆ'ಯೂ ಇದೇ ಕುಲದ್ದು.

ಅನುಭವದ ಪರೀಕ್ಷೆ

ಆದಿವಾಸಿಗಳು ಅಣಬೆಯನ್ನಷ್ಟೇ ನೋಡುವುದಿಲ್ಲ. ಯಾವ ಮರದ ಬುಡ, ಎಂಥ ಮಣ್ಣು, ಯಾವ ಮಳೆ ಎಂಬುದನ್ನೂ ಗಮನಿಸುತ್ತಾರೆ. ಒಳಗಿನ ತಿರುಳು ಬೆಳ್ಳಗಿದ್ದರೆ ಅಡುಗೆಗೆ ಯೋಗ್ಯ. ಬಲಿತು ಕಪ್ಪಾಗಿದ್ದರೆ ಬಳಸುವುದಿಲ್ಲ. ನೋಡಲು ಇದನ್ನೇ ಹೋಲುವ ವಿಷಕಾರಿ ಸ್ಕ್ಲೆರೋಡರ್ಮಾ ಅಣಬೆಯ ತಿರುಳು ಬೇಗನೆ ನೇರಳೆಗಪ್ಪಿಗೆ ತಿರುಗುವುದರಿಂದ ಈ ನಿಯಮಕ್ಕೆ ವಿಶೇಷ ಮಹತ್ವವಿದೆ. ಸಂತಾಲಿ ಭಾಷೆಯಲ್ಲಿ ಗಿಡಮರಗಳ ಹೆಸರುಗಳು ನಿರ್ಜೀವ ವರ್ಗಕ್ಕೆ ಸೇರಿದ್ದರೂ 'ಪುಟ್ಕಾ' ಎಂಬ ಅಣಬೆ ಮಾತ್ರ ಸಜೀವ ವರ್ಗದಲ್ಲಿದೆ ಎಂದು ಅಮೆರಿಕದ ಅಣಬೆ ಅಧ್ಯಯನಕಾರ ಗಾರ್ಡನ್ ವಾಸನ್ ದಾಖಲಿಸಿದ್ದಾರೆ.

ವಂಶವಾಹಿಯ ಸಾಕ್ಷ್ಯ

ಹಲವು ದೇಶಗಳ ಇಂಥ ಅಣಬೆಗಳನ್ನು ಬಹುಕಾಲ ಆಸ್ಟ್ರೇಯಸ್ ಹೈಗ್ರೊಮೆಟ್ರಿಕಸ್ ಎಂಬ ಒಂದೇ ಹೆಸರಿನಿಂದ ಕರೆಯಲಾಗುತ್ತಿತ್ತು. 2004ರಲ್ಲಿ ಆಸ್ಟ್ರೇಯಸ್ ಓಡೊರೇಟಸ್, 2007ರಲ್ಲಿ ಆಸ್ಟ್ರೇಯಸ್ ಏಷ್ಯಾಟಿಕಸ್ ಪ್ರತ್ಯೇಕ ಪ್ರಭೇದಗಳೆಂದು ಗುರುತಿಸಲ್ಪಟ್ಟವು. 'ಐಟಿಎಸ್' ಎಂಬ ಡಿಎನ್‌ಎ ಭಾಗವನ್ನು ಶಿಲೀಂಧ್ರಗಳ ಗುರುತುಪಟ್ಟಿಯಾಗಿ ಬಳಸಬೇಕೆಂದು 2012ರಲ್ಲಿ ವಿಜ್ಞಾನಿಗಳು ಸೂಚಿಸಿದರು. ಒಣಗಿದ ಚೂರಿನಿಂದಲೂ ಈ ಭಾಗವನ್ನು ಓದಿ, ದತ್ತಾಂಶ ಕೋಶದೊಂದಿಗೆ ಹೋಲಿಸಬಹುದು. ಆದರೆ ಕೋಶದಲ್ಲೇ ಹೆಸರು ತಪ್ಪಾಗಿ ನಮೂದಾಗಿದ್ದರೆ ಫಲಿತಾಂಶವೂ ತಪ್ಪುತ್ತದೆ. ಅಲ್ಲದೆ, ಡಿಎನ್‌ಎ ಅಣಬೆಯ ಕುಲಗೋತ್ರ ಹೇಳುತ್ತದೆಯೇ ಹೊರತು ಅದು ತಿನ್ನಲು ಯೋಗ್ಯವೇ ಎಂಬುದನ್ನಲ್ಲ. ಆ ಉತ್ತರಕ್ಕೆ ತಲೆಮಾರುಗಳ ಅನುಭವ ಮತ್ತು ವಿಷಪರೀಕ್ಷೆ ಬೇಕು.

ಅರಿವಿನ ಎಲ್ಲೆ

ಸ್ಥಳೀಯ ಜ್ಞಾನವೂ ಆಯಾ ಕಾಡಿಗೆ ಸೀಮಿತ. ಒಂದು ಪ್ರದೇಶದ ಲಕ್ಷಣಗಳನ್ನು ಇನ್ನೊಂದು ಪ್ರದೇಶದ ಅಣಬೆಗೆ ಅನ್ವಯಿಸುವುದು ಅಪಾಯಕಾರಿ. 2022ರ ಏಪ್ರಿಲ್‌ನಲ್ಲಿ ಅಸ್ಸಾಂನಲ್ಲಿ ಕಾಡು ಅಣಬೆ ತಿಂದು 13 ಮಂದಿ ಮೃತಪಟ್ಟರು. ಇವರಲ್ಲಿ ಹೆಚ್ಚಿನವರು ಚಹಾ ತೋಟಗಳ ಪ್ರದೇಶದವರು.

ಅಮಾನಿಟಾ ಕುಲದ ಮಾರಕ ಅಣಬೆಗಳ ವಿಷ ಬೇಯಿಸಿದರೂ ನಾಶವಾಗದು. ಎಳೆಯದಾಗಿದ್ದಾಗ ಇವೂ ಮೊಟ್ಟೆಯಂತಿರುತ್ತವೆ. ಉದ್ದಕ್ಕೆ ಸೀಳಿದರೆ ಒಳಗೆ ಕೊಡೆಯ ಆಕಾರ ಕಾಣುತ್ತದೆ. ತಿಂದು ಸಾಮಾನ್ಯವಾಗಿ ಆರು ಗಂಟೆ ಕಳೆದ ಮೇಲೆ ವಾಂತಿಭೇದಿ ಕಾಣಿಸಿಕೊಂಡು, ನಡುವೆ ಗುಣವಾದಂತೆ ತೋರಿದರೂ ಯಕೃತ್ತು ಹಾನಿಗೊಳ್ಳುತ್ತಲೇ ಇರುತ್ತದೆ. ಇಂಥ ಸಂದರ್ಭದಲ್ಲಿ ಉಳಿದ ಅಣಬೆಯ ಚೂರಿನೊಂದಿಗೆ ತಕ್ಷಣ ಆಸ್ಪತ್ರೆ ಸೇರಬೇಕು. ಗುರುತು ಖಚಿತವಿಲ್ಲದ ಅಣಬೆಯನ್ನು ಕಾಡಿನಲ್ಲೇ ಬಿಟ್ಟು ಬರುವುದು ಲೇಸು.