ಮಂಕರಿಯಿಂದ ಕವರಿಗೆ



ಸಂಘದ ಲೆಕ್ಕಪತ್ರ ವರದಿಯಲ್ಲಿ ಇದ್ದೇ ಇರುತ್ತದೆ. ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ನಾನು ಬರೆಯುವುದು, ನಾವು ಬೆಳೆದ ತರಕಾರಿ ಯಾವುದರಲ್ಲಿ ತುಂಬಿಕೊಂಡು ಪೇಟೆಗೆ ಹೋಯಿತು ಎಂಬ ಚರಿತ್ರೆ.

ನಾವು ಹುಡುಗರಾಗಿದ್ದಾಗ ಬದನೆ, ಟೊಮೇಟೊ ಮಂಕರಿಯಲ್ಲಿ, ಮೂಲಂಗಿ, ಕೋಸು ಗೋಣಿಚೀಲದಲ್ಲಿ ಹೋಗುತ್ತಿದ್ದವು. ಸೊಪ್ಪಿಗೆ ಬಾಳೆನಾರಿನ ಕಟ್ಟು, ಮೇಲೆ ಒದ್ದೆ ಗೋಣಿ. ಕೊಳ್ಳುವವರ ಕೈಯಲ್ಲಿ ಬಟ್ಟೆ ಚೀಲ. ಮರೆತು ಬಂದವನಿಗೆ ಹೆಗಲ ಮೇಲಿನ ಟವೆಲ್ಲೇ ಚೀಲ. ಸಂತೆಗೆ ಹೋದ ಮಂಕರಿ ಸಂಜೆ ಮನೆಗೆ ವಾಪಸ್ ಬರಲೇಬೇಕು. ತೀರಾ ಹಾಳಾದರೆ ಒಲೆಗೆ.

ಸಹಕಾರಿಗಳದೂ ಇದೇ ದಾರಿ. 1959ರಲ್ಲಿ ಡಾ. ಎಂ.ಎಚ್. ಮರಿಗೌಡರ ಪ್ರಯತ್ನದಿಂದ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್, ಹಣ್ಣು ತರಕಾರಿ ಬಿಡಿಯಾಗಿ ತೂಗಿಯೇ ವ್ಯಾಪಾರ ಬೆಳೆಸಿತು.

ಪಾಲಿಥೀನ್ ಸಿಕ್ಕಿದ್ದು 1933ರಲ್ಲಿ, ಇಂಗ್ಲೆಂಡಿನಲ್ಲಿ. ಹಿಡಿಕೆಯ ಚೀಲವನ್ನು 1960ರ ದಶಕದಲ್ಲಿ ರೂಪಿಸಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್. ಅದು ನಮ್ಮ ಸಂತೆಗೆ ಬಂದ ಮೇಲೆ ಮನೆಯ ಚೀಲ ಮೊಳೆಯಲ್ಲೇ ಉಳಿಯಿತು. ಸರ್ಕಾರ ಸುಮ್ಮನಿರಲಿಲ್ಲ. 1999ರ ನಿಯಮದಲ್ಲಿ ಕೈಚೀಲ ಕನಿಷ್ಠ 20 ಮೈಕ್ರಾನ್ ದಪ್ಪವಿರಬೇಕೆಂದಿತು; 2011ರಲ್ಲಿ 40, 2016ರಲ್ಲಿ 50, 2022ರ ಡಿಸೆಂಬರ್ 31ರಿಂದ 120. ಕರ್ನಾಟಕವಂತೂ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ಆದರೂ ಕೈಬೀಸಿಕೊಂಡು ಸಂತೆಗೆ ಹೋಗುವ ಅಭ್ಯಾಸ ನಮಗೆ ಹೋಗಲಿಲ್ಲ.

ಬೇರೆಯವರನ್ನು ಯಾಕೆ ಅನ್ನಲಿ? ನಮ್ಮ ಮಳಿಗೆಗೆ ಕವರ್ ತರಿಸೋಣ ಅಂದಾಗ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಈಗ ತಿಪ್ಪೆ ಗೊಬ್ಬರ ಹೊಲಕ್ಕೆ ಹೊಡೆದರೆ ಅದರ ಜೊತೆ ಕವರಿನ ಚೂರೂ ಬರುತ್ತವೆ. ಸಿಪ್ಪೆಯನ್ನು ಕವರಿನಲ್ಲಿ ಗಂಟು ಕಟ್ಟಿ ಬಿಸಾಡುತ್ತೇವೆ. ದನ ಗಂಟು ಬಿಚ್ಚಿ ತಿನ್ನುತ್ತದೆಯೇ? ಕವರ್ ಸಮೇತ ನುಂಗುತ್ತದೆ. ನಮ್ಮ ಮನೆಯ ಹಸು ಒಂದು ಹಾಗೇ ಮೇವು ಬಿಟ್ಟು ಸತ್ತಿತು. ಹೊಟ್ಟೆಯಲ್ಲಿ ಸಿಕ್ಕಿದ ಕವರಿನ ಉಂಡೆ ನೋಡಿದ ಮೇಲೆ ಆ ದಿನ ಕೈ ಎತ್ತಿದ್ದು ನೆನಪಾಗಿ ಊಟ ಸೇರಲಿಲ್ಲ.

ಕ್ರೇಟೂ ಬೇಡ ಎನ್ನುತ್ತಿಲ್ಲ. ಟೊಮೇಟೊ ನಜ್ಜುಗುಜ್ಜಾಗದೆ ಪೇಟೆ ಸೇರುವುದು ಅದರಿಂದಲೇ. ಅದೂ ಮಂಕರಿಯ ಹಾಗೆ ತಿರುಗಿ ಬರುತ್ತದೆ. ತೊಂದರೆ ಇರುವುದು ತಿರುಗಿ ಬಾರದ ಕವರಿನಲ್ಲಿ.

ಆದ್ದರಿಂದ ಮಹಾಸಭೆಯ ಮುಂದೆ ನನ್ನದೊಂದು ಸೂಚನೆ. ಮಳಿಗೆಯಲ್ಲಿ ತರಕಾರಿ ಬಿಡಿಯಾಗಿ ತೂಗಿ ಕೊಡೋಣ. ಚೀಲ ತರದವರಿಗೆ ಠೇವಣಿ ಮೇಲೆ ಬಟ್ಟೆ ಚೀಲ ಕೊಟ್ಟು, ವಾಪಸ್ ತಂದಾಗ ಹಣ ಹಿಂದಿರುಗಿಸೋಣ. 25 ವರ್ಷ ಸಾಲ ಪಡೆದು ತೀರಿಸಿದ ಸದಸ್ಯರಿಗೆ ಒಂದು ಚೀಲ ವಾಪಸ್ ತರುವುದು ಭಾರವಾಗದು. ಈ ಸಲ ಕೈ ಎತ್ತುವಾಗ ಕೊಟ್ಟಿಗೆಯ ದನವನ್ನೂ ನೆನೆಯೋಣ.